ಗಿಟ್ ಜೊತೆ ಆರು ವರ್ಷ: ನುಡಿಯಿಂದ ಯುನಿಕೋಡ್‌ಗೆ, ಮೂರು ಊರುಗಳಲ್ಲಿ

ಡೊಂಬಿವಲಿಯಲ್ಲಿ ನಾನು, ಚಿಂಚವಡದಲ್ಲಿ ನಮ್ಮ ಭಾವ, ಮಡಗಾಂವ್‌ನಲ್ಲಿ ಒಬ್ಬ ಗೆಳೆಯ. ಮಾಟುಂಗಾದ ಹಳೆಯ ಉಡುಪಿ ಹೋಟೆಲುಗಳಲ್ಲಿ ದುಡಿದ ಹಿರಿಯರ ಮಾತುಗಳನ್ನು ಮೂವರೂ ಬರೆದಿಡುತ್ತಿದ್ದೇವೆ. ಅದೆಲ್ಲ ಆರು ವರ್ಷದಿಂದ ಗಿಟ್‌ನಲ್ಲಿದೆ. ಗಿಟ್ ಅಂದರೆ ಫೈಲುಗಳಲ್ಲಿ ಯಾರು ಯಾವಾಗ ಏನು ಬದಲಿಸಿದರು ಅನ್ನೋದನ್ನೆಲ್ಲ ನೆನಪಿಡುವ ತಂತ್ರಾಂಶ. ಮೂವರ ಲ್ಯಾಪ್‌ಟಾಪಿನಲ್ಲೂ ಪೂರ್ತಿ ಪ್ರತಿ ಇರುತ್ತದೆ, ನೆಟ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ.

ಮೊದಲೆಲ್ಲ ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯ ಹಳೆಯ ಫಾಂಟ್ ಕೋಡ್‌ನಲ್ಲಿ ಬರೆಯುತ್ತಿದ್ದೆವು. ಆ ಕೋಡ್ ಅಕ್ಷರದ ಬದಲು ಅಕ್ಷರದ ಆಕಾರವನ್ನು ಇಟ್ಟುಕೊಳ್ಳುತ್ತದೆ. ‘ಖರ್ಚು’ ಅಂತ ಬರೆದರೆ ಅಲ್ಲಿ ಖ, ಚು, ಆಮೇಲೆ ಅರ್ಕಾವತ್ತು. ಯುನಿಕೋಡ್‌ನಲ್ಲಿ ಚಕಾರಕ್ಕಿಂತ ಮುಂಚೆಯೇ ರಕಾರ ಬರಬೇಕು. ಇದನ್ನೆಲ್ಲ ಸರಿ ಮಾಡಿ ಹಳೆಯ ಬರಹವನ್ನು ಯುನಿಕೋಡ್‌ಗೆ ತರಲು ಒಂದು ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ) ಬರೆದೆ.

ಒಂದು ಭಾನುವಾರ ಯಾರನ್ನೂ ಕೇಳದೆ ಎಲ್ಲ ಫೈಲುಗಳನ್ನೂ ಬದಲಿಸಿ ಪುಶ್ ಮಾಡಿಬಿಟ್ಟೆ, ಅಂದರೆ ಮೂವರೂ ಹಂಚಿಕೊಳ್ಳುವ ಪ್ರತಿಗೆ ಕಳಿಸಿಬಿಟ್ಟೆ. ಭಾವನ ಹತ್ತಿರ 11 ಫೈಲುಗಳ ತಿದ್ದುಪಡಿ ಹಳೆಯ ಕೋಡ್‌ನಲ್ಲೇ ಬಾಕಿ ಇತ್ತು. ಅವರು ಮರ್ಜ್ ಮಾಡಿದರೆ, ಅಂದರೆ ಇಬ್ಬರ ಬದಲಾವಣೆಗಳನ್ನೂ ಸೇರಿಸಿದರೆ, ಸಾಲುಸಾಲೂ ಕಾನ್‌ಫ್ಲಿಕ್ಟ್: ಯಾರ ಸಾಲು ಇಡಬೇಕು ಅಂತ ಗಿಟ್‌ಗೇ ಗೊತ್ತಾಗಲಿಲ್ಲ! ಪಾಪ, ಎರಡು ರಾತ್ರಿ ಕೂತು ಕೈಯಲ್ಲೇ ಬಿಡಿಸಿದರು. ನನಗೆ ಇವತ್ತಿಗೂ ಅದು ಬೇಜಾರು.

ಪರಿಹಾರ ಗಿಟ್‌ನಲ್ಲೇ ಇತ್ತು. ಸ್ಕ್ರಿಪ್ಟನ್ನು ಕ್ಲೀನ್ ಫಿಲ್ಟರ್ ಆಗಿ (ಫೈಲು ಗಿಟ್ ಒಳಗೆ ಹೋಗುವಾಗ ತಾನೇ ಓಡುವಂತೆ) ಕೊಟ್ಟು, ಮರ್ಜ್ ಮಾಡುವಾಗ ರೀನಾರ್ಮಲೈಸ್ ಆಯ್ಕೆ ಹಾಕಬೇಕು. ಆಗ ನಮ್ಮ ಪ್ರತಿ, ಅವರ ಪ್ರತಿ, ಎರಡಕ್ಕೂ ಮೂಲವಾದ ಹಳೆಯ ಪ್ರತಿ, ಮೂರನ್ನೂ ಗಿಟ್ ಮೊದಲು ಫಿಲ್ಟರ್‌ಗೆ ಹಾಕಿ ಆಮೇಲೆ ಹೋಲಿಸುತ್ತದೆ. ನಿಜವಾಗಿ ತಿದ್ದಿದ್ದು ಮಾತ್ರ ಉಳಿಯುತ್ತದೆ. ಒಂದು ಎಚ್ಚರಿಕೆ: ಈಗಾಗಲೇ ಯುನಿಕೋಡ್ ಆದ ಫೈಲನ್ನು ಸ್ಕ್ರಿಪ್ಟ್ ಮುಟ್ಟಬಾರದು. ನಮ್ಮದು ಕನ್ನಡ ಯುನಿಕೋಡ್ ಅಕ್ಷರ ಕಂಡರೆ ಫೈಲನ್ನು ಹಾಗೇ ಬಿಡುತ್ತದೆ.

ಯಾವ ಸಾಲನ್ನು ಕೊನೆಗೆ ಯಾರು ಬದಲಿಸಿದರು ಅಂತ ತೋರಿಸುವುದು ಗಿಟ್‌ನ ಬ್ಲೇಮ್. 2019ರಲ್ಲಿ ಬಂದ 2.23 ಆವೃತ್ತಿಯಿಂದ ಅದರಲ್ಲಿ ಒಂದು ಕಮಿಟ್ಟನ್ನು (ಒಮ್ಮೆಗೆ ದಾಖಲಾದ ಬದಲಾವಣೆಯನ್ನು) ಬಿಟ್ಟು ನೋಡಬಹುದು. ಇಲ್ಲದಿದ್ದರೆ ಪ್ರತಿ ಸಾಲಿಗೂ ಆ ಭಾನುವಾರದ ನನ್ನ ಹೆಸರೇ ಕಾಣುತ್ತಿತ್ತು.

ನನ್ನ ದೊಡ್ಡ ದೂರು ಒಂದೇ. ಯಾವ ಫೈಲಿಗೆ ಯಾವ ಫಿಲ್ಟರ್ ಅನ್ನೋದು ಕ್ಲೋನ್ (ಹೊಸ ಯಂತ್ರಕ್ಕೆ ಇಳಿಸಿಕೊಳ್ಳುವ ಪೂರ್ತಿ ಪ್ರತಿ) ಜೊತೆ ಬರುತ್ತದೆ, ಫಿಲ್ಟರ್ ಅಂದರೆ ಯಾವ ಸ್ಕ್ರಿಪ್ಟ್ ಅನ್ನೋದು ಬರುವುದಿಲ್ಲ. ಅದನ್ನು ಒಂದೊಂದು ಯಂತ್ರದ ಕಾನ್ಫಿಗ್‌ನಲ್ಲೂ ನಾವೇ ಹಾಕಬೇಕು. ಬೇರೆಯವರ ಸ್ಕ್ರಿಪ್ಟ್ ನಮಗೆ ಗೊತ್ತಿಲ್ಲದೆ ಓಡಬಾರದಲ್ವಾ, ಆ ಕಾರಣ ಒಪ್ಪುತ್ತೇನೆ. ಆದರೆ ಹಾಕದಿದ್ದರೆ ಗಿಟ್ ಎರರ್ ಕೂಡ ಕೊಡದೆ ಫೈಲನ್ನು ಸುಮ್ನೆ ಹಾಗೇ ಒಳಗೆ ಬಿಟ್ಟುಕೊಳ್ಳುತ್ತದೆ. ಗೆಳೆಯ ಹೊಸ ಲ್ಯಾಪ್‌ಟಾಪ್ ತಗೊಂಡಾಗ ಆರು ಫೈಲು ಹಳೆಯ ಕೋಡ್‌ನಲ್ಲೇ ಬಂದವು, ನಮಗೆ ಗೊತ್ತಾಗಿದ್ದು ಒಂದು ತಿಂಗಳ ಮೇಲೆ. ಈಗ ಸೆಟಪ್ ಸ್ಕ್ರಿಪ್ಟನ್ನೂ ಜೊತೆಗೇ ಇಟ್ಟಿದ್ದೇವೆ. ಕ್ಲೋನ್ ಆದ ಕೂಡಲೇ ಅದನ್ನು ಓಡಿಸಬೇಕು.

ಐದರಲ್ಲಿ ನಾಲ್ಕು ಸ್ಟಾರ್. ಹೋದ ತಿಂಗಳು ಭಾವನ ಹಳೆಯ ಡಿಸ್ಕಿನಲ್ಲಿ ಮರೆತುಹೋಗಿದ್ದ ಒಂದು ಬ್ರಾಂಚ್ (ಬೇರೆಯಾಗಿ ತಿದ್ದುತ್ತಿದ್ದ ಕವಲು) ಸಿಕ್ಕಿತು, ಪೂರ್ತಿ ನುಡಿ ಕೋಡ್‌ನಲ್ಲಿ. ಮರ್ಜ್ ಮಾಡಿದೆ. ಬದಲಾಗಿದ್ದು ಎರಡೇ ಸಾಲು: ಒಬ್ಬ ಅಡುಗೆಯವರ ಊರಿನ ಹೆಸರು, ಅವರು ಮುಂಬೈಗೆ ಬಂದ ವರ್ಷ.