ಹಂಚಿನ ಮನೆಗೆ ಭಾರತ್ ಗೃಹ ರಕ್ಷಾ: ಗಾಳಿಮಳೆ ಹಾನಿಗೆ ಎಷ್ಟು ಆಸರೆ?

2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಭಾರತ್ ಗೃಹ ರಕ್ಷಾ ಎಂಬ ಮನೆ ವಿಮಾ ಪಾಲಿಸಿಯ ಮೂಲ ಷರತ್ತುಗಳು ಯಾವ ಕಂಪನಿಯಲ್ಲಿ ಕೊಂಡರೂ ಒಂದೇ. ಬಿರುಗಾಳಿ, ನೆರೆ, ಭೂಕುಸಿತ ಮಾತ್ರವಲ್ಲ, ಮಾಡಿನ ಮೇಲೆ ತೆಂಗಿನಮರ ಬಿದ್ದರೂ ಪರಿಹಾರವಿದೆ. ವಿಮಾ ಮೊತ್ತ ಕಡಿಮೆ ಬರೆಸಿದ್ದಾರೆಂದು ಅದೇ ಅನುಪಾತದಲ್ಲಿ ಕ್ಲೇಮ್ ಕತ್ತರಿಸುವುದಿಲ್ಲ. ಇದರ ನಿಜವಾದ ಬಲ ಇದೇ. ಮನೆಯ ಸಾಮಾನಿಗೆ ಕಟ್ಟಡದ ಮೊತ್ತದ 20% (ಗರಿಷ್ಠ 10 ಲಕ್ಷ) ತಾನಾಗಿಯೇ ಸೇರುತ್ತದೆ. ಅವಶೇಷ ತೆರವಿಗೆ ಕ್ಲೇಮಿನ 2% ಮಾತ್ರ. ದೊಡ್ಡ ಮರ ಕಡಿಸಿ ಸಾಗಿಸುವವರಿಗೆ ಇದು ಸಾಲದು.

ಜಗಳ ಹುಟ್ಟುವುದು ಹಂಚು ಕೂರುವ ಮರದ ಪಟ್ಟಿಯಾದ ರೀಪು, ಅದನ್ನು ಹೊರುವ ಪಕ್ಕಾಸಿನಲ್ಲಿ. ಸವೆತ, ನಿಧಾನದ ಸೋರಿಕೆಗೆ ಪರಿಹಾರವಿಲ್ಲದ ಕಾರಣ ಹಾನಿ ಅಳೆಯಲು ಬರುವ ಸರ್ವೇಯರ್, ಮರ ಮೊದಲೇ ಲಡ್ಡಾಗಿತ್ತು (ಕೊಳೆತಿತ್ತು) ಎನ್ನಬಹುದು. ಹೊಸದಾಗಿ ಮುರಿದ ರೀಪಿನ ತುದಿಯಲ್ಲಿ ತಿಳಿಬಣ್ಣದ ನಾರು ಸೀಳಿ ನಿಂತಿರುತ್ತದೆ. ಲಡ್ಡಾದದ್ದು ಕಪ್ಪಗಿದ್ದು ಉಗುರಿಗೇ ಪುಡಿಯಾಗುತ್ತದೆ. ಆ ತುದಿಯ ಫೋಟೊ ಹತ್ತಿರದಿಂದ ತೆಗೆಯಿರಿ, ತುಂಡನ್ನೂ ಎಸೆಯಬೇಡಿ. ಮೊದಲು ಫೋಟೊ, ಆಮೇಲೆ ಟಾರ್ಪಾಲು. ಟಾರ್ಪಾಲಿನ ಬಿಲ್ಲನ್ನೂ ಇಟ್ಟುಕೊಳ್ಳಿ. ಕಂಪನಿಗೆ ಅಂದೇ ತಿಳಿಸಿ ಕ್ಲೇಮ್ ಸಂಖ್ಯೆ ಪಡೆಯಿರಿ. ಬಡಗಿಯ ಅಂದಾಜಿನಲ್ಲಿ ಹಂಚು, ಮೂಲೆಹಂಚು, ರೀಪಿನ ಉದ್ದ (ಅಡಿಗಳಲ್ಲಿ), ಕೂಲಿ ಬೇರೆಬೇರೆಯಾಗಿ ಇರಲಿ. 'ಮಾಡು ರಿಪೇರಿ' ಎಂಬ ಒಂದೇ ಸಾಲಿನ ಅಂದಾಜು ಕೊಟ್ಟರೆ ಕಡಿತಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ.