ಸ್ಥಳವಾರು ಜಾಹೀರಾತು ವರದಿ ಕೊಡುವ ತಂತ್ರಾಂಶ: ಮೂರು ವರ್ಷ ಬಳಸಿದ ಮೇಲೆ

ಮುಂಬಯಿಯ ಮಾಟುಂಗಾ, ಮುಲುಂಡ್ ಮತ್ತು ಪಕ್ಕದ ಠಾಣೆ ಜಿಲ್ಲೆಯ ಡೊಂಬಿವಲಿಗಳಲ್ಲಿ ಶಾಖೆಗಳಿರುವ ಒಂದು ಉಡುಪಿ ಹೋಟೆಲಿನ ಆನ್‌ಲೈನ್ ಜಾಹೀರಾತುಗಳನ್ನು ನಾನು ನೋಡಿಕೊಳ್ಳುತ್ತೇನೆ. ಯಾವ ಪ್ರದೇಶದಲ್ಲಿ ಎಷ್ಟು ಖರ್ಚಾಯಿತು, ಎಷ್ಟು ಕ್ಲಿಕ್ ಬಂದವು, ಅವುಗಳಲ್ಲಿ ಎಷ್ಟು ಆರ್ಡರ್ ಆದವು ಎಂಬುದನ್ನು ಗೂಗಲ್ ಮತ್ತು ಫೇಸ್‌ಬುಕ್ ಖಾತೆಗಳಿಂದ ತೆಗೆದುಕೊಂಡು ಒಂದೇ ನಕಾಶೆಯಲ್ಲಿ, ಒಂದೇ ಪಟ್ಟಿಯಲ್ಲಿ ತೋರಿಸುವ ತಂತ್ರಾಂಶವೊಂದಕ್ಕೆ ಮೂರು ವರ್ಷಗಳಿಂದ ಚಂದಾ ಕಟ್ಟುತ್ತಿದ್ದೇನೆ. ಮೊದಲೆಲ್ಲ ಸೋಮವಾರದ ಅರ್ಧ ದಿನ ಎಕ್ಸೆಲ್ ಹಾಳೆಗಳನ್ನು ಜೋಡಿಸುವುದರಲ್ಲೇ ಹೋಗುತ್ತಿತ್ತು. ಈಗ ಬೆಳಿಗ್ಗೆ ಒಂಬತ್ತರೊಳಗೆ ವರದಿ ಇ-ಮೇಲಿಗೆ ಬಂದಿರುತ್ತದೆ. ಕಟ್ಟಿದ ಹಣ ಇಷ್ಟಕ್ಕೇ ಗಿಟ್ಟುತ್ತದೆ.

ನನ್ನ ತಕರಾರು ಇರುವುದು ನಕಾಶೆಯ ಮೇಲೆ. ಕ್ಲಿಕ್ ಹೆಚ್ಚಿರುವ ಪಿನ್‌ಕೋಡಿಗೆ ಗಾಢ ಬಣ್ಣ ಹಚ್ಚುವ ಈ ನಕಾಶೆ ಮೊದಲ ವರ್ಷವಿಡೀ ಡೊಂಬಿವಲಿ ಶಾಖೆಯ ಜಾಹೀರಾತಿನಲ್ಲಿ ಡೊಂಬಿವಲಿ ಪೂರ್ವದ 421201ಕ್ಕಿಂತ ದಾದರ್ ಪೂರ್ವದ 400014ನ್ನೇ ಗಾಢವಾಗಿ ತೋರಿಸುತ್ತಿತ್ತು. ದಾದರಿನಲ್ಲಿ ಖರ್ಚು ಹೆಚ್ಚಿಸೋಣ ಎಂದು ನಾನು ಹೇಳಿದಾಗ ಹೋಟೆಲಿನ ಮಾಲೀಕರು ಗಲ್ಲಾಪೆಟ್ಟಿಗೆಯಿಂದ ತಲೆಯೆತ್ತದೆ, "ದಾದರಿನಿಂದ ಡೊಂಬಿವಲಿಗೆ ಯಾರು ಇಡ್ಲಿ ತಿನ್ನಲಿಕ್ಕೆ ಬರ್ತಾರೆ ಮಾರಾಯ್ರೆ?" ಎಂದರು. ಅವರ ಪ್ರಶ್ನೆ ಸರಿಯಾಗಿತ್ತು. ಗಂಟೆವಾರು ಪಟ್ಟಿಯನ್ನು ತೆರೆದು ನೋಡಿದರೆ ದಾದರಿನ ಹೆಚ್ಚಿನ ಕ್ಲಿಕ್‌ಗಳು ಸಂಜೆ ಆರೂವರೆಯಿಂದ ಎಂಟರ ನಡುವೆ, ಅಂದರೆ ಜನ ಕೆಲಸ ಮುಗಿಸಿ ಲೋಕಲ್ ರೈಲಿಗೆ ಕಾಯುವ ಹೊತ್ತಿನಲ್ಲಿ ಬಂದಿದ್ದವು. ಪಾರ್ಸೆಲ್ ಕೊಡುವಾಗ ಮನೆಯ ಪಿನ್‌ಕೋಡ್ ಬರೆದಿಟ್ಟುಕೊಳ್ಳಲು ಕ್ಯಾಶಿಯರಿಗೆ ಹೇಳಿ ಎರಡು ವಾರ ಹೋಲಿಸಿದ ಮೇಲೆ ಸಂಶಯ ಉಳಿಯಲಿಲ್ಲ: ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಕ್ಲಿಕ್ ಮಾಡಿದವರು ಡೊಂಬಿವಲಿಯಲ್ಲಿಳಿದು ಊಟ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಇದರಲ್ಲಿ ತಂತ್ರಾಂಶದ ತಪ್ಪು ಅರ್ಧ ಮಾತ್ರ. ಗೂಗಲ್ ಆ್ಯಡ್ಸ್‌ನಲ್ಲಿ ಬಳಕೆದಾರ ಇರುವ ಜಾಗ ಮತ್ತು ಜಾಹೀರಾತಿಗೆ ಹೊಂದಿಕೆಯಾದ ಜಾಗ (ಯಾವ ಊರಿನ ಲೆಕ್ಕದಲ್ಲಿ ಜಾಹೀರಾತು ತೋರಿಸಲಾಯಿತೋ ಅದು) ಎಂಬ ಎರಡು ಬೇರೆ ಬೇರೆ ವರದಿಗಳಿವೆ. ನಾವು ಬದಲಿಸದಿದ್ದರೆ, ಒಂದು ಊರಿನಲ್ಲಿರುವವರ ಜೊತೆಗೆ ಆ ಊರಿನ ಬಗ್ಗೆ ಆಸಕ್ತಿ ತೋರಿಸಿದವರಿಗೂ ಜಾಹೀರಾತು ಹೋಗುತ್ತದೆ. ಈ ಎರಡೂ ಜಾಗಗಳನ್ನು ಬೇರೆ ಕಾಲಮ್ಮುಗಳಲ್ಲಿ ಕೊಡಬೇಕಾಗಿದ್ದ ತಂತ್ರಾಂಶ ಮೊದಲನೆಯದನ್ನಷ್ಟೇ ಎತ್ತಿಕೊಂಡು ಅದಕ್ಕೆ 'ಗ್ರಾಹಕರ ಪ್ರದೇಶ' ಎಂದು ಹೆಸರಿಟ್ಟಿತ್ತು. ಎರಡನೇ ವರ್ಷ ಎರಡೂ ಕಾಲಮ್ಮುಗಳು ಬಂದವು. ಅಂದಿನಿಂದ ನಾನು ನಕಾಶೆಯನ್ನು ಮುಚ್ಚಿಟ್ಟು ಪಟ್ಟಿಯನ್ನೇ ಓದುತ್ತೇನೆ, ಅದರಲ್ಲೂ ಒಂದು ಪಿನ್‌ಕೋಡನ್ನು ಇನ್ನೊಂದರೊಡನೆ ಹೋಲಿಸದೆ, ಅದೇ ಪಿನ್‌ಕೋಡಿನ ಕಳೆದ ತಿಂಗಳ ಅಂಕಿಯೊಡನೆ ಹೋಲಿಸುತ್ತೇನೆ.

ಫೇಸ್‌ಬುಕ್ಕಿನ ಅಂಕಿಗಳ ವಿಷಯದಲ್ಲಿ ಹೆಚ್ಚು ನಿರೀಕ್ಷಿಸಬೇಡಿ. ಅಲ್ಲಿಂದ ಬರುವ ಪ್ರದೇಶವಾರು ವಿಂಗಡಣೆ ನಮ್ಮಲ್ಲಿ ರಾಜ್ಯದ ಮಟ್ಟದಲ್ಲಿದ್ದು, ಮುಲುಂಡನ್ನು ಮಾಟುಂಗಾದಿಂದ ಬೇರ್ಪಡಿಸಬೇಕಾದರೆ ಶಾಖೆಗೊಂದರಂತೆ ಜಾಹೀರಾತಿನ ಗುಂಪು ಮಾಡುವುದೊಂದೇ ದಾರಿ. ಖರ್ಚಿನ ಕಾಲಮ್ಮಿನಲ್ಲಿ 18% ಜಿಎಸ್‌ಟಿ ಸೇರಿರುವುದಿಲ್ಲವಾದ್ದರಿಂದ ಬ್ಯಾಂಕಿನ ಲೆಕ್ಕದೊಂದಿಗೆ ಅದು ತಾಳೆಯಾಗುವುದಿಲ್ಲ ಎಂಬುದನ್ನು ಮಾಲೀಕರಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ಕನ್ನಡದಲ್ಲಿ ಶೀರ್ಷಿಕೆ ಕೊಟ್ಟು ಪಿಡಿಎಫ್ ತೆಗೆದರೆ ಒತ್ತಕ್ಷರಗಳು ಕಳಚಿ ಬೀಳುತ್ತವೆ. 'ಖರ್ಚು' ಎಂಬ ಪದ ಇಂದಿಗೂ ಒಡೆದೇ ಅಚ್ಚಾಗುತ್ತದೆ.

ದೊಡ್ಡ ಎಡವಟ್ಟು ಆದದ್ದು ಬೇಲಾಪುರದ ವಿಷಯದಲ್ಲಿ. ಹೋಟೆಲಿನ ಕಾಫಿ ಪುಡಿ, ಸಾಂಬಾರು ಪುಡಿಗಳನ್ನು ಮಹಾರಾಷ್ಟ್ರದಾದ್ಯಂತ ಪಾರ್ಸೆಲ್ ಕಳಿಸಿ ಮಾರಲು ಪ್ರತ್ಯೇಕ ಜಾಹೀರಾತು ನಡೆಯುತ್ತದೆ. ಅದರ ವರದಿಯಲ್ಲಿ 'ಬೇಲಾಪುರ' ತಿಂಗಳು ತಿಂಗಳಿಗೂ ಮೇಲೇರುತ್ತಿರುವುದನ್ನು ಕಂಡು ಮಾಲೀಕರು ನವಿ ಮುಂಬಯಿಯ ಬೇಲಾಪುರದಲ್ಲಿ ನಾಲ್ಕನೆಯ ಶಾಖೆಗೆ ಜಾಗ ನೋಡಲು ಹೊರಟಿದ್ದರು. ಅಹ್ಮದ್‌ನಗರವೆನ್ನುತ್ತಿದ್ದ ಇಂದಿನ ಅಹಿಲ್ಯಾನಗರ ಜಿಲ್ಲೆಯ ಶ್ರೀರಾಮಪುರ ತಾಲೂಕಿನಲ್ಲೂ ಒಂದು ಬೇಲಾಪುರವಿದೆ, ಮತ್ತು ತಂತ್ರಾಂಶ ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿಸಿತ್ತು. ಗೂಗಲ್ ಪ್ರತಿ ಸ್ಥಳಕ್ಕೂ ಒಂದು ಸಂಖ್ಯೆ ಕೊಟ್ಟಿರುತ್ತದೆ, ಭಾರತಕ್ಕೆ 2356 ಇರುವ ಹಾಗೆ. ಆ ಸಂಖ್ಯೆಯನ್ನು ಬಿಟ್ಟು ಹೆಸರನ್ನು ಹಿಡಿದು ಕೂಡಿಸಿದರೆ ಹೀಗಾಗದೆ ಇನ್ನೇನಾದೀತು? ಪಾರ್ಸೆಲ್‌ಗಳ ವಿಳಾಸ ತೆಗೆದು ನೋಡಿದಾಗ ಮುಕ್ಕಾಲು ಪಾಲು ಆರ್ಡರುಗಳು ಶ್ರೀರಾಮಪುರದ ಕಡೆಯವಾಗಿದ್ದವು. ಸಹಾಯ ವಿಭಾಗದವರು ಮೂರು ದಿನಕ್ಕೆ ಉತ್ತರಿಸಿ, ಸರಿಪಡಿಸುವ ಪಟ್ಟಿಯಲ್ಲಿ ಇದನ್ನು ಸೇರಿಸಿದ್ದೇವೆ ಎಂದರು. ಅದಾಗಿ ಏಳು ತಿಂಗಳಾಯಿತು. ಮುಂದಿನ ವರ್ಷದ ಚಂದಾ ಕಟ್ಟಿದ್ದೇನೆ. ಬೇಲಾಪುರದ ಸಾಲನ್ನು ಮಾತ್ರ ಪ್ರತಿ ಸೋಮವಾರ ಕೈಯಿಂದಲೇ ಎರಡಾಗಿ ಬಿಡಿಸುತ್ತಿದ್ದೇನೆ.