ಮತ ಹಾಕಿಸುವಲ್ಲಿ ಗಟ್ಟಿ, ಆಮೇಲೆ ಸಡಿಲ: ಅಮೆರಿಕದ ಅಂಗಡಿ ನೌಕರರಿಗೆ ಎನ್‌ಎಲ್‌ಆರ್‌ಬಿ ಚುನಾವಣಾ ಸೇವೆ

ಅಂಗಡಿ, ಕಾಫಿ ಷಾಪ್, ಸೂಪರ್ ಮಾರ್ಕೆಟ್ ನೌಕರರು ಯೂನಿಯನ್ ಬೇಕೋ ಬೇಡವೋ ಎಂದು ತೀರ್ಮಾನಿಸಲು ಅಮೆರಿಕದ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ ಗುಪ್ತ ಮತದಾನ ನಡೆಸಿಕೊಡುತ್ತದೆ. ಎಲ್ಲರ ಬಾಯಲ್ಲಿ ಅದು ಎನ್‌ಎಲ್‌ಆರ್‌ಬಿ. 1935ರ ಕಾನೂನಿನಿಂದ ಹುಟ್ಟಿದ ಸೇವೆ, ಶುಲ್ಕ ಒಂದು ಡಾಲರೂ ಇಲ್ಲ. ಮತದಾನದ ಮಟ್ಟಿಗೆ ಐದಕ್ಕೆ ನಾಲ್ಕು ಅಂಕ, ಗೆದ್ದ ಮೇಲಿನ ರಕ್ಷಣೆಗೆ ಐದಕ್ಕೆ ಒಂದೂವರೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಡಿ. ಮಾಲೀಕರ ಕಡೆಯ ವಕೀಲರ ಕಸುಬೆಲ್ಲ ನಡೆಯುವುದು ಇವೆರಡರ ನಡುವಿನ ಸಂದಿಯಲ್ಲೇ.

ನಮ್ಮ ಕಡೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಭಾರತದ 1926ರ ಟ್ರೇಡ್ ಯೂನಿಯನ್ ಕಾಯ್ದೆಯಡಿ ಏಳು ಜನ ಸಹಿ ಹಾಕಿ, ನಿಗದಿತ ಸದಸ್ಯಬಲ ತೋರಿಸಿ ಸಂಘ ನೋಂದಾಯಿಸಬಹುದಿತ್ತು. ಆದರೆ ಆ ಸಂಘದ ಜೊತೆ ಮಾಲೀಕ ಮಾತಿಗೆ ಕೂರಲೇಬೇಕು ಎಂಬ ಕಟ್ಟುಪಾಡು ಆ ಕಾಯ್ದೆಯಲ್ಲಿರಲಿಲ್ಲ. ಅಮೆರಿಕದಲ್ಲಿ ಬಹುಮತ ಸಿಕ್ಕರೆ ಮಾಲೀಕ ಮಾತುಕತೆಗೆ ಬರಲೇಬೇಕು. ಬಂದು ಒಪ್ಪಲೇಬೇಕು ಅಂತೇನಿಲ್ಲ. ಅದರ ಫಲವನ್ನು ಮುಂದೆ ನೋಡೋಣ.

ಮೊದಲ ಕೆಲಸ ಯೂನಿಯನ್ ಬೇಕು ಎಂದು ಹೇಳುವ ಕಾರ್ಡಿಗೆ ನೌಕರರಿಂದ ಸಹಿ ಹಾಕಿಸುವುದು. ಸಹಿಯ ಜೊತೆ ದಿನಾಂಕ ಇರಲೇಬೇಕು. ಮೊಬೈಲಿನಲ್ಲಿ ಹಾಕಿದ ಡಿಜಿಟಲ್ ಸಹಿಯೂ ನಡೆಯುತ್ತದೆ. ಚುನಾವಣೆಗೆ ಅರ್ಜಿ ಹಾಕಲು ಶೇ. 30 ನೌಕರರ ಸಹಿ ಸಾಕು ಎಂದು ಕಾನೂನು ಹೇಳಿದರೂ ಅನುಭವಸ್ಥ ಸಂಘಟಕರು ಶೇ. 60-70 ದಾಟುವವರೆಗೆ ಕಾಯುತ್ತಾರೆ. ಪ್ರಚಾರ ಶುರುವಾದ ಮೇಲೆ ಒಂದಷ್ಟು ಜನ ಹಿಂದೆ ಸರಿಯುವುದು ಖಚಿತ, ಶೇ. 35ರಲ್ಲಿ ಅರ್ಜಿ ಹಾಕುವುದೆಂದರೆ ಸೋಲಿಗೆ ಅರ್ಜಿ ಹಾಕಿದಂತೆ. ಸಹಿ ಹಾಕಿದ ಕಾರ್ಡುಗಳು ಮಂಡಳಿಗೆ ಮಾತ್ರ ಹೋಗುತ್ತವೆ, ಮಾಲೀಕರಿಗೆ ಅವುಗಳನ್ನು ತೋರಿಸುವುದಿಲ್ಲ. ಹೊಸಬರಿಗೆ ಈ ಸಂಗತಿಯನ್ನು ಮೊದಲ ದಿನವೇ ಹೇಳಬೇಕು.

ಅಂಗಡಿಗಳಿಗೇ ಅನ್ವಯಿಸುವ ಒಂದು ನಿಯಮವಿದೆ, ಬಹಳ ಜನ ಎಡವುವುದು ಅಲ್ಲಿ. ಗ್ರಾಹಕರು ಓಡಾಡುವ ಮಾರಾಟದ ಜಾಗದಲ್ಲಿ ಯೂನಿಯನ್‌ಗೆ ಸಹಿ ಕೇಳುವುದನ್ನು, ನಿಮ್ಮ ಬಿಡುವಿನ ವೇಳೆಯಲ್ಲೂ, ಮಾಲೀಕ ನಿಷೇಧಿಸಬಹುದು. ಊಟದ ಕೋಣೆಯಲ್ಲಿ ಬಿಡುವಿನ ಹೊತ್ತಿನಲ್ಲಿ ಕೇಳಿದರೆ ತಡೆಯುವಂತಿಲ್ಲ. ಕಪಾಟುಗಳ ನಡುವೆ ಕಾರ್ಡ್ ಹಿಡಿದು ನಿಂತರೆ ಶಿಸ್ತುಕ್ರಮಕ್ಕೆ ನೀವೇ ಕಾರಣ ಒದಗಿಸಿದಂತೆ.

ಅರ್ಜಿ ಹೋದ ಮೇಲೆ ಮೊದಲ ಜಗಳ ಯಾರು ಮತದಾರರು ಎಂಬುದರ ಮೇಲೆ. ಒಂದೇ ಅಂಗಡಿಯನ್ನು ಒಂದು ಘಟಕ ಎಂದುಕೊಳ್ಳುವುದು ಮಂಡಳಿಯ ರೂಢಿ. ಕಂಪನಿಗಳು ಅಕ್ಕಪಕ್ಕದ ಅಂಗಡಿಗಳನ್ನೂ ಸೇರಿಸಿ ಎನ್ನುತ್ತವೆ, ಏಕೆಂದರೆ ಸಂಘಟಕರು ಕಾಲಿಡದ ಅಂಗಡಿಗಳ ಮತ ಬಂದು ಸೇರುತ್ತದೆ. ಬಫಲೋ ನಗರದಲ್ಲಿ ಸ್ಟಾರ್‌ಬಕ್ಸ್ ಇದನ್ನೇ ಕೇಳಿತು, ಮಂಡಳಿ ಒಪ್ಪಲಿಲ್ಲ. 2021ರ ಡಿಸೆಂಬರ್‌ನಲ್ಲಿ ಎಲ್ಮ್‌ವುಡ್ ಅಂಗಡಿಯಲ್ಲಿ ಯೂನಿಯನ್ 19–8ರಿಂದ ಗೆದ್ದಿತು. ಸ್ಟೋರ್ ಮ್ಯಾನೇಜರ್‌ಗೆ ಮತವಿಲ್ಲ. ಸ್ಟಾರ್‌ಬಕ್ಸ್‌ನ ಶಿಫ್ಟ್ ಸೂಪರ್‌ವೈಸರ್‌ಗಳಿಗೆ ಇದೆ. ಹುದ್ದೆಯ ಹೆಸರು ಏನೇ ಇರಲಿ, ಕೆಲಸಕ್ಕೆ ಸೇರಿಸುವ ಮತ್ತು ತೆಗೆಯುವ ಅಧಿಕಾರ ಯಾರ ಕೈಯಲ್ಲಿದೆ ಎಂಬಂಥದ್ದನ್ನು ಮಂಡಳಿ ನೋಡುತ್ತದೆ.

ಚುನಾವಣೆ ನಿಗದಿಯಾದ ಎರಡು ಕೆಲಸದ ದಿನಗಳಲ್ಲಿ ಮಾಲೀಕ ಮತದಾರರ ಪಟ್ಟಿ ಕೊಡಬೇಕು: ಹೆಸರು, ವಿಳಾಸ, ತನ್ನ ಬಳಿ ಇರುವ ಫೋನ್ ಸಂಖ್ಯೆ, ಸ್ವಂತ ಇಮೇಲ್. ಗೆಲುವಿಗೆ ಬೇಕಾದದ್ದು ಚಲಾಯಿತ ಮತಗಳಲ್ಲಿ ಬಹುಮತ. ಸಮವಾದರೆ ಯೂನಿಯನ್ ಸೋತಂತೆ. ಮ್ಯಾನ್‌ಹಟನ್ನಿನ ಲೋಯರ್ ಈಸ್ಟ್ ಸೈಡ್‌ನ ಟ್ರೇಡರ್ ಜೋಸ್ ಅಂಗಡಿಯಲ್ಲಿ 2023ರಲ್ಲಿ 76–76 ಆಗಿ ಹೀಗೇ ಕೈತಪ್ಪಿತು. ಶಿಫ್ಟ್ ಇಲ್ಲದ ದಿನ ಬಂದು ಮತ ಹಾಕುವವರ ಪಟ್ಟಿ ಮಾಡಿ ಅವರನ್ನು ಕರೆತರುವುದು ಎಷ್ಟು ಮುಖ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇಷ್ಟರಮಟ್ಟಿಗೆ ಸೇವೆ ಚೊಕ್ಕ. ಚಾರಣದ ಸಾಮಗ್ರಿ ಮಾರುವ ಆರ್‌ಇಐ ಕಂಪನಿಯ ನ್ಯೂಯಾರ್ಕ್ ಸೋಹೋ ಶಾಖೆ 2022ರ ಮಾರ್ಚ್‌ನಲ್ಲಿ 88–14, ಮೇರಿಲ್ಯಾಂಡಿನ ಟೌಸನ್ ಆಪಲ್ ಸ್ಟೋರ್ ಅದೇ ಜೂನ್‌ನಲ್ಲಿ 65–33ರಿಂದ ಗೆದ್ದವು.

ಅರ್ಜಿಗೂ ಮತದಾನಕ್ಕೂ ನಡುವಿನ ವಾರಗಳಲ್ಲಿ ಮಾಲೀಕರು ಏನು ಮಾಡುತ್ತಾರೆ ಎಂಬುದನ್ನು ಮೊದಲೇ ಹೇಳಬಹುದು, ಅಷ್ಟು ಏಕರೂಪ. ಹೊರಗಿನ ಸಲಹೆಗಾರರು ಬರುತ್ತಾರೆ. ಕೆಲಸದ ಹೊತ್ತಿನಲ್ಲೇ ಕಡ್ಡಾಯ ಸಭೆಗಳು ನಡೆಯುತ್ತವೆ. ಅಲ್ಲಿಯವರೆಗೆ ಹೆಸರೂ ಕೇಳದ ಮೇಲಧಿಕಾರಿಗಳು ಕೌಂಟರ್ ಪಕ್ಕ ನಿಂತು ಕುಶಲ ವಿಚಾರಿಸುತ್ತಾರೆ. ಇದೆಲ್ಲ ಬಹುಕಾಲ ಕಾನೂನುಬಾಹಿರ ಎನಿಸಿರಲಿಲ್ಲ. ಕಾನೂನುಬಾಹಿರವಾದವು ಮುಖ್ಯವಾಗಿ ನಾಲ್ಕು: ಬೆದರಿಸುವುದು, ಯಾರು ಯಾರ ಕಡೆ ಎಂದು ಕೆದಕಿ ಕೇಳುವುದು, ಸೌಲಭ್ಯದ ಆಸೆ ತೋರಿಸುವುದು, ಹಿಂಬಾಲಿಸಿ ನಿಗಾ ಇಡುವುದು. ಕಡ್ಡಾಯ ಸಭೆಗಳೂ ಕಾನೂನುಬಾಹಿರ ಎಂದು 2024ರ ನವೆಂಬರ್‌ನಲ್ಲಿ ಅಮೆಜಾನ್ ಪ್ರಕರಣದಲ್ಲಿ ಮಂಡಳಿ ಹೇಳಿತು. ಮಂಡಳಿಯ ಸದಸ್ಯರನ್ನು ನೇಮಿಸುವವರು ಅಮೆರಿಕದ ಅಧ್ಯಕ್ಷರು. ಸರ್ಕಾರ ಬದಲಾದರೆ ಇಂಥ ತೀರ್ಪೂ ಮಗ್ಗುಲು ಬದಲಿಸಬಹುದು, ಇದನ್ನೇ ನೆಚ್ಚಿ ಕೂರಬೇಡಿ.

ಹೆಚ್ಚು ಪರಿಣಾಮ ಬೀರುವುದು ಬೆದರಿಕೆಯಲ್ಲ, ಸಂಬಳ. 2022ರಲ್ಲಿ ಸ್ಟಾರ್‌ಬಕ್ಸ್ ಯೂನಿಯನ್ ಇಲ್ಲದ ಅಂಗಡಿಗಳಿಗೆ ಮಾತ್ರ ವೇತನ ಏರಿಕೆ ಮತ್ತು ಸೌಲಭ್ಯ ಘೋಷಿಸಿತು. ಅದು ಕಾನೂನುಬಾಹಿರ ಎಂದು ಮಂಡಳಿಯ ನ್ಯಾಯಾಧೀಶರು ಹೇಳಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ನೂರಾರು ಅಂಗಡಿಗಳ ನೌಕರರು ಆ ಪಾಠ ಓದಿಯಾಗಿತ್ತು. ಇನ್ನೊಂದು ದಾರಿ ಕೆಲಸವನ್ನೇ ಇಲ್ಲವಾಗಿಸುವುದು. 2000ದಲ್ಲಿ ಟೆಕ್ಸಸ್‌ನ ಜ್ಯಾಕ್ಸನ್‌ವಿಲ್ ವಾಲ್‌ಮಾರ್ಟ್‌ನಲ್ಲಿ ಮಾಂಸ ಕತ್ತರಿಸುವವರು 7–3ರಿಂದ ಯೂನಿಯನ್ ಆರಿಸಿಕೊಂಡರು. ಕೆಲವೇ ದಿನಗಳಲ್ಲಿ ಕಂಪನಿ ಆ ಅಂಗಡಿಯೂ ಸೇರಿದಂತೆ ಸುಮಾರು 180 ಕಡೆ ಕತ್ತರಿಸಿ ಪ್ಯಾಕ್ ಮಾಡಿದ ಮಾಂಸ ತರಿಸುವುದಾಗಿ ಘೋಷಿಸಿತು.

ಒಂದೂವರೆ ಅಂಕ ಕೊಟ್ಟದ್ದು ಏಕೆಂದರೆ, ಮತ ಎಣಿಕೆಯ ನಂತರ ಆಕ್ಷೇಪಣೆಗೆ ಐದು ಕೆಲಸದ ದಿನ ಸಿಗುತ್ತದೆ. ಆಮೇಲೆ ಪ್ರಮಾಣಪತ್ರ, ಆಮೇಲೆ ಒಪ್ಪಂದದ ಮಾತುಕತೆ. ಕಾನೂನು ಕೇಳುವುದು ಪ್ರಾಮಾಣಿಕ ಮಾತುಕತೆಯನ್ನಷ್ಟೇ, ಒಪ್ಪಂದವನ್ನಲ್ಲ. ಪ್ರಮಾಣಪತ್ರ ಸಿಕ್ಕ ಹನ್ನೆರಡು ತಿಂಗಳು ಯೂನಿಯನ್ನನ್ನು ಅಲುಗಿಸುವಂತಿಲ್ಲ. ಆ ವರ್ಷ ಕಳೆದು ಒಪ್ಪಂದ ಆಗಿರದಿದ್ದರೆ, ಶೇ. 30 ಸಹಿಯೊಡನೆ ಯೂನಿಯನ್ ರದ್ದುಮಾಡಲು ಮತದಾನ ಕೇಳಬಹುದು. ಚಿಲ್ಲರೆ ಅಂಗಡಿಗಳಲ್ಲಿ ಜನ ಕೆಲಸ ಬಿಟ್ಟು ಹೋಗುವ ವೇಗ ಗೊತ್ತಿರುವ ಮಾಲೀಕನಿಗೆ ಸಭೆ ಮುಂದೂಡುತ್ತ ಕೂತರೆ ಸಾಕು, ಮತ ಹಾಕಿದವರು ತಾವಾಗೇ ಖಾಲಿಯಾಗುತ್ತಾರೆ. ಟೌಸನ್‌ಗೆ ಮೊದಲ ಒಪ್ಪಂದ ಸಿಕ್ಕಿದ್ದು 2024ರಲ್ಲಿ, ಎರಡು ವರ್ಷ ಹಿಡಿಯಿತು. ಸ್ಟಾರ್‌ಬಕ್ಸ್‌ನಲ್ಲಿ 500ಕ್ಕೂ ಹೆಚ್ಚು ಅಂಗಡಿಗಳು ಗೆದ್ದಿದ್ದರೂ, ಎಲ್ಮ್‌ವುಡ್‌ನ ಮತಕ್ಕೆ ನಾಲ್ಕು ವರ್ಷ ತುಂಬಿದ 2025ರ ಡಿಸೆಂಬರ್‌ನಲ್ಲಿ ಒಪ್ಪಂದ ಇರಲಿಲ್ಲ.

ಮಂಡಳಿಗೆ ದಂಡ ಹಾಕುವ ಅಧಿಕಾರವಿಲ್ಲ. ವಜಾ ಅಕ್ರಮ ಎಂದಾದರೆ ಕೆಲಸ ವಾಪಸ್, ಬಾಕಿ ಸಂಬಳ, ಗೋಡೆಗೊಂದು ನೋಟಿಸ್, ಹೆಚ್ಚುಕಡಿಮೆ ಅಷ್ಟೆ. ಬೇಗ ಕೆಲಸಕ್ಕೆ ವಾಪಸ್ ಸೇರಿಸಲು ಮಂಡಳಿ ಫೆಡರಲ್ ನ್ಯಾಯಾಲಯದಿಂದ ತಾತ್ಕಾಲಿಕ ಆದೇಶ ಕೇಳಬಹುದು. ಮೆಂಫಿಸ್‌ನಲ್ಲಿ 2022ರಲ್ಲಿ ವಜಾಗೊಂಡ ಏಳು ಸ್ಟಾರ್‌ಬಕ್ಸ್ ನೌಕರರಿಗೆ ಅಂಥ ಆದೇಶ ಸಿಕ್ಕಿತ್ತು. ಆ ಪ್ರಕರಣದಲ್ಲೇ 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅಂಥ ಆದೇಶದ ಮಾನದಂಡವನ್ನು ಬಿಗಿಗೊಳಿಸಿತು. ಇದರ ಮೇಲೆ 2025ರ ಜನವರಿಯಲ್ಲಿ ಒಬ್ಬ ಸದಸ್ಯೆಯನ್ನು ಅಧ್ಯಕ್ಷರು ತೆಗೆದಾಗ ಮಂಡಳಿಯಲ್ಲಿ ತೀರ್ಪು ಕೊಡಲು ಬೇಕಾದ ಕನಿಷ್ಠ ಸಂಖ್ಯೆಯ, ಅಂದರೆ ಕೋರಂನ, ಮೂವರು ಉಳಿಯಲಿಲ್ಲ. ಪ್ರಾದೇಶಿಕ ಕಚೇರಿಗಳು ಚುನಾವಣೆ ನಡೆಸುತ್ತಲೇ ಇದ್ದವು, ವಾಷಿಂಗ್ಟನ್ನಿನಲ್ಲಿ ಮೇಲ್ಮನವಿಗಳು ಮಾತ್ರ ರಾಶಿ ಬಿದ್ದವು.

ವೀಸಾದ ಮೇಲಿರುವವರಿಗೆ ಒಂದು ಮಾತು. ಸಹಿ ಹಾಕುವ, ಮತ ಹಾಕುವ ಹಕ್ಕಿಗೆ ಪೌರತ್ವ ಬೇಕಿಲ್ಲ. ಆದರೆ ಕೆಲಸದ ಪರವಾನಗಿಯೇ ಇಲ್ಲದವರಿಗೆ, ವಜಾ ಅಕ್ರಮವಾಗಿದ್ದರೂ, ಬಾಕಿ ಸಂಬಳ ಸಿಗದು. 2002ರ ಹಾಫ್‌ಮನ್ ಪ್ಲಾಸ್ಟಿಕ್ ತೀರ್ಪು ಹಾಗಿದೆ.

ವಜಾ ಆದವರು ಆರು ತಿಂಗಳೊಳಗೆ ಪ್ರಾದೇಶಿಕ ಕಚೇರಿಗೆ ದೂರು ಕೊಡಬೇಕು, ಗಡುವು ಮೀರಿದರೆ ಬಾಗಿಲು ಮುಚ್ಚಿದಂತೆ. ಬಾಕಿ ಸಂಬಳದಲ್ಲಿ ನಡುವೆ ಬೇರೆಡೆ ದುಡಿದದ್ದನ್ನು ಕಳೆಯುತ್ತಾರೆ, ಕೆಲಸ ಹುಡುಕಲೇ ಇಲ್ಲ ಎಂದು ತೋರಿದರೂ ಕಳೆಯುತ್ತಾರೆ. ಹಾಕಿದ ಪ್ರತಿ ಅರ್ಜಿಯ ದಿನಾಂಕ, ಅಂಗಡಿಯ ಹೆಸರು, ಬಂದ ಉತ್ತರ ಇವನ್ನು ಮೊದಲ ದಿನದಿಂದಲೇ ಒಂದು ಪುಸ್ತಕದಲ್ಲಿ ಬರೆದಿಡಿ, ಹಳೆಯ ಸಂಬಳ ಚೀಟಿಗಳನ್ನೂ ಶಿಫ್ಟ್ ಪಟ್ಟಿಯ ಫೋಟೋಗಳನ್ನೂ ಸ್ವಂತ ಫೋನಿನಲ್ಲೇ ಇಟ್ಟುಕೊಳ್ಳಿ.